ಕೆಳಗೆ ನಿಲ್ಲುವವನ ಹೆಸರು

ಜನವರಿ 6, 2026. ಮಂಗಳವಾರ

ಹೊಟ್ಟೆಕಿಚ್ಚಲ್ಲ, ಹನುಮ. ಕವಲುದಾರಿಯಲ್ಲಿ ಆ ಮಾತು ನನ್ನ ಮುಖಕ್ಕೆ ಹೇಳಿ, ಉತ್ತರ ಕೇಳಿಸಿಕೊಳ್ಳದೆ ನಿನ್ನ ಮನೆ ಕಡೆ ತಿರುಗಿ ಹೋದೆಯಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ನಾನು ಕೇಳಿದ್ದರಲ್ಲಿ ಏನು ತಪ್ಪಿತ್ತು? ನಿನ್ನೆ ತಾನೆ ತುರುವೇಕೆರೆ ಕಡೆಯಿಂದ ಬಂದ ಭುವನ್‌ಗೆ ಇವತ್ತು ನಿನ್ನ ಪಕ್ಕದ ಕುರ್ಚಿ ಯಾಕೆ ಅಂದೆ. ಅಷ್ಟೆ. ಒಂದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನ ತನಕ ನಿನ್ನ ಪಕ್ಕ ಕೂತವನು ನಾನು. ಹತ್ತು ಮುಗಿದ ಮೇಲೆ ಇಬ್ಬರೂ ಒಟ್ಟಿಗೇ ಓದು ಬಿಟ್ಟೆವು. ನಾನು ಚಿಕ್ಕನಾಯಕನಹಳ್ಳಿಯಲ್ಲಿ ಜೆರಾಕ್ಸ್ ಅಂಗಡಿ, ಟೈರ್ ಅಂಗಡಿ, ಕೊಬ್ಬರಿ ಗೋಡೌನು ಅಂತ ಮೂರು ಕಡೆ ಸೇರಿ ಮೂರನ್ನೂ ಬಿಟ್ಟೆ. ನೀನು ಕೂಲಿಗೆ ಹೋದೆ. ಆದರೂ ಸಂಜೆಯಾದರೆ ಇಬ್ಬರೂ ಒಂದೇ ಕಟ್ಟೆ ಮೇಲೆ.

ಈ ತರಬೇತಿ ಹುಡುಕಿದವನೂ ನಾನೇ. ಶೆಟ್ಟಿಕೆರೆ ಹತ್ತಿರ ತೆಂಗು ಬೆಳೆಗಾರರು ಸೇರಿ ಕಟ್ಟಿಕೊಂಡ ಸಂಘದವರು ಮಷೀನಿನಲ್ಲಿ ಮರ ಹತ್ತುವುದನ್ನು ಮೂರು ವಾರ ಕಲಿಸುತ್ತಾರೆ. ಕೊನೆಗೆ ಇಬ್ಬಿಬ್ಬರ ಜೋಡಿ ಕಟ್ಟಿ ಜೋಡಿಗೊಂದು ಮಷೀನು ಕೊಡುತ್ತಾರೆ. ಒಬ್ಬ ಮೇಲೆ, ಒಬ್ಬ ಕೆಳಗೆ. ಮುಂದೆ ತೋಟದಿಂದ ತೋಟಕ್ಕೆ ಆ ಜೋಡಿಯೇ ಹೋಗಬೇಕು, ವರ್ಷಗಟ್ಟಲೆ. ಆ ಜೋಡಿ ನಾನು ಮತ್ತು ನೀನು ಅಂತ ಮಾತಾಗಿತ್ತು. ಮಾತಾಗಿತ್ತೋ, ನಾನೊಬ್ಬನೇ ಅಂದುಕೊಂಡಿದ್ದೆನೋ, ಈಗ ಯೋಚಿಸಿದರೆ ನೆನಪಾಗುತ್ತಿಲ್ಲ.

ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ನೀವಿಬ್ಬರೂ ಕೂತಿರಿ. ನಾನು ಹಿಂದೆ ನಿಂತು ನಿನ್ನ ಬ್ಯಾಗು ಹಿಡಿದುಕೊಂಡಿದ್ದೆ.

ಮನೆಯಲ್ಲೂ ಸುಖವಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಪ್ಪ, "ನಮ್ಮೋರಲ್ಲಿ ಯಾರೂ ಮರ ಹತ್ತಿದೋರಿಲ್ಲ. ನಿಂಗ್ಯಾಕ್ಲಾ ಬೇಕು ಅದು?" ಅಂದು ಅರ್ಧ ಊಟಕ್ಕೆ ಎದ್ದರು. ಮೂವತ್ತೆರಡು ಮರದ ಯಜಮಾನ ಸದಾಶಿವಯ್ಯನವರಿಗೆ ಜಂಬ. ಹನುಮನ ಅಪ್ಪ ದೊಡ್ಡರಂಗಯ್ಯ ಊರಿನ ಮರಗಳನ್ನೆಲ್ಲ ಹತ್ತುತ್ತಿದ್ದವರು. ನಾವು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮ ತೋಟದಲ್ಲೇ ಬಿದ್ದು ಸೊಂಟ ಮುರಿದುಕೊಂಡರು. ಅವರ ಮಗನೇ ಹೆದರದೆ ಬರುತ್ತಿರುವಾಗ ನಮ್ಮಪ್ಪನದೇನು?

ಜನವರಿ 8, ಗುರುವಾರ

ಭುವನ್ ಇನ್ನು ಹನುಮನ ಮನೆಯಲ್ಲೇ ಇರುತ್ತಾನಂತೆ. ಅವನ ಊರಿಂದ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲವಂತೆ. ಹನುಮನ ತಾಯಿ ರಂಗಕ್ಕ, "ಎಂಗೂ ಮುದ್ದೆ ತಿರುವ್ತೀನಿ, ಇನ್ನೊಂದ್ ಮುದ್ದೆ ಹೆಚ್ಚಾಯ್ತದೇನು" ಅಂದರಂತೆ. ಇದನ್ನೆಲ್ಲ ಭುವನ್ನೇ ನನಗೆ ಹೇಳಿದ, ನಗುನಗುತ್ತ. ಆ ಮನೆಯ ಮುದ್ದೆಯನ್ನು ನಾನು ಹದಿನೈದು ವರ್ಷದಿಂದ ತಿನ್ನುತ್ತಿದ್ದೇನೆ ಅನ್ನುವುದು ಅವನಿಗೆ ಗೊತ್ತಿಲ್ಲ. ಹೇಳಲೂ ಇಲ್ಲ.

ಇವತ್ತು ಮಷೀನು ಮುಟ್ಟಿದೆವು. ಅದು ಎರಡು ತುಂಡು, ಬಲಗಾಲಿಗೊಂದು ಎಡಗಾಲಿಗೊಂದು. ಎರಡಕ್ಕೂ ಕಬ್ಬಿಣದ ಚೌಕಟ್ಟು, ಮರದ ಸುತ್ತ ಹಾಕಿ ಕೊಕ್ಕೆಗೆ ಸಿಕ್ಕಿಸುವ ವೈರು. ಒಂದರ ಮೇಲೆ ನಿಂತು ಇನ್ನೊಂದನ್ನು ಮೇಲಕ್ಕೆ ಎತ್ತಬೇಕು. ಕಲಿಸುವವರು ಕಾಡಸಿದ್ದಪ್ಪ, ನಲವತ್ತು ವರ್ಷ ಬರಿಗಾಲಲ್ಲಿ ಹತ್ತಿದ ಮನುಷ್ಯ.

"ಮ್ಯಾಲಿರೋನು ಕಾಯಿ ನೋಡ್ತಾನೆ, ಕೆಳಗಿರೋನು ಅವನನ್ನ ನೋಡ್ಬೇಕು" ಅಂದರು. "ವೈರು ಸರಿಯಾಗಿ ಕೂತೈತಾ, ಕೊಕ್ಕೆ ಬಿದ್ದೈತಾ, ಬೆಲ್ಟು ಐತಾ. ಫೋನ್ ನೋಡೋನು ಕೆಳಗ್ ನಿಲ್ಲಬ್ಯಾಡಿ ಕಣ್ರಪ್ಪಾ, ಮನೇಗ್ ಹೋಗಿ."

ಭುವನ್ ಮೊದಲ ಸಲಕ್ಕೇ ಇಪ್ಪತ್ತು ಅಡಿ ಹೋದ. ಎಲ್ಲರೂ ಹೋ ಅಂದರು. ಹನುಮ ಶಿಳ್ಳೆ ಹಾಕಿದ. ನಾನು ಅವನನ್ನೇ ನೋಡುತ್ತ ನಿಂತಿದ್ದೆ, ಏನಾದರೂ ತಪ್ಪು ಸಿಗುತ್ತದೆ ಅಂತ. ಸಿಕ್ಕಿತು. ಎಡಗಾಲನ್ನು ಪೂರ್ತಿ ಒಳಗೆ ತೂರಿಸುವುದಿಲ್ಲ, ಬೆರಳ ಮೇಲೆ ನಿಲ್ಲುತ್ತಾನೆ. ಇಳಿಯುವಾಗ ಆತುರ. ಎಡಗಡೆ ವೈರು ಒಂದು ಕಡೆ ವಾಲಿಕೊಂಡಿರುತ್ತದೆ, ಅವನು ತಿರುಗಿ ನೋಡುವುದಿಲ್ಲ. ಎಲ್ಲವನ್ನೂ ಇಲ್ಲಿ ಬರೆದಿಡುತ್ತೇನೆ.

ಜನವರಿ 9, ಶುಕ್ರವಾರ

ಭಾನುಪ್ರಿಯಾ ಮೇಡಂ ಇವತ್ತು ಸರ್ವೆ ಮಾಡಿದರು. ತರಬೇತಿ ನಡೆಸುವುದು ಅವರೇ, ತುಮಕೂರಿನವರು. ಬೋರ್ಡಿನ ಮೇಲೆ ನಾಲ್ಕೈದು ಸೊನ್ನೆ ಬರೆದು, ಒಂದರಿಂದ ಇನ್ನೊಂದಕ್ಕೆ ಬಾಣದ ಗೆರೆ ಎಳೆದರು. ಒಂದೊಂದು ಸೊನ್ನೆಯೂ ಒಬ್ಬ ಮನುಷ್ಯನಂತೆ. ಯಾರು ಯಾರನ್ನು ನೆಚ್ಚಿದ್ದಾರೋ ಅವರ ಕಡೆಗೆ ಬಾಣ. ಕ್ಲಾಸಿನ ಹದಿನಾರು ಜನರ ಬಾಣವನ್ನೂ ಕಂಪ್ಯೂಟರಿಗೆ ಹಾಕಿದರೆ ಅದೇ ಚಿತ್ರ ಬಿಡಿಸುತ್ತದಂತೆ.

"ನಿಮಗೇ ಗೊತ್ತಿಲ್ಲದ ಸಂಬಂಧ ಇದರಲ್ಲಿ ಕಾಣುತ್ತೆ" ಅಂದರು ಮೇಡಂ. "ಅದನ್ನು ನೋಡಿಯೇ ನಾನು ಜೋಡಿ ಕಟ್ಟೋದು."

ಒಬ್ಬೊಬ್ಬರಿಗೂ ಒಂದು ಚೀಟಿ, ಒಂದು ನಂಬರು. ಮೂರು ಪ್ರಶ್ನೆ. ಊಟಕ್ಕೆ ಯಾರ ಜೊತೆ ಕೂರುತ್ತೀರಿ? ಗೊತ್ತಾಗದ್ದನ್ನು ಯಾರನ್ನು ಕೇಳುತ್ತೀರಿ? ನೀವು ಮರದ ಮೇಲಿರುವಾಗ ಕೆಳಗೆ ಯಾರು ನಿಂತಿರಬೇಕು, ಯಾಕೆ? ಒಂದೊಂದಕ್ಕೆ ಒಂದೇ ಹೆಸರು.

ಹಂದನಕೆರೆಯಿಂದ ಬರುವ ಪವಿತ್ರಕ್ಕ ಎದ್ದು ನಿಂತು, "ಮೇಡಂ, ಮೂರನೇದು ಖಾಲಿ ಬುಡ್ಬೋದಾ?" ಅಂದರು.

"ಬಿಡೋ ಹಾಗಿಲ್ಲ."

"ಹಂಗಾರೆ ನಮ್ಮತ್ತೆ ಹೆಸ್ರೇ ಬರೀತೀನಿ. ನಾನ್ ಮ್ಯಾಲ್ ಹೋದ್ರೆ ಕಣ್ ಮುಚ್ದಂಗೆ ಕಾಯ್ತಾರೆ, ಯಾವಾಗ್ ಬೀಳ್ತಾಳೋ ಅಂತ."

ಎಲ್ಲರೂ ನಕ್ಕರು. ಹನುಮ ನಗಲಿಲ್ಲ. ಚೀಟಿಗೆ ಕೈ ಅಡ್ಡ ಇಟ್ಟುಕೊಂಡು ಪರೀಕ್ಷೆಯಲ್ಲಿ ಬರೆದ ಹಾಗೆ ಬರೆಯುತ್ತಿದ್ದ. ಮೂರನೇ ಪ್ರಶ್ನೆಗೆ ಪೆನ್ನು ಎತ್ತಿಕೊಂಡು ಬಹಳ ಹೊತ್ತು ಸುಮ್ಮನೆ ಕೂತಿದ್ದ. ನಾನು ಮೂರಕ್ಕೂ ಹನುಮಂತರಾಜು ಅಂತ ಬರೆದು ಮೊದಲು ಕೊಟ್ಟೆ.

ಜನವರಿ 10, ಶನಿವಾರ

ಬರೆಯಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ಮಧ್ಯಾಹ್ನ ಕ್ಲಾಸು ಬಿಟ್ಟಿತು. ಹನುಮ, ಭುವನ್ ಬಸ್ಸಿಗೆ ಓಡಿದರು. ಮೇಡಂ ನನ್ನನ್ನು ನಿಲ್ಲಿಸಿಕೊಂಡು, ಜೆರಾಕ್ಸ್ ಅಂಗಡಿಯಲ್ಲಿ ಇದ್ದವನಲ್ಲವಾ, ಚೀಟಿಗಳನ್ನು ಟೈಪ್ ಮಾಡಿಕೊಡು ಅಂದರು. ಯಾರಿಗೂ ಹೇಳಬಾರದು ಅಂತಲೂ ಅಂದರು. ಲ್ಯಾಪ್‌ಟಾಪಿನಲ್ಲಿ ಎರಡು ಕಾಲಂ, ಯಾರಿಂದ, ಯಾರಿಗೆ. ಒಂದೊಂದು ಪ್ರಶ್ನೆಗೂ ಬೇರೆ ಬೇರೆ ಚಿತ್ರ, ಜೋಡಿ ಕಟ್ಟುವುದು ಮೂರನೆಯದರಿಂದ. ನಂಬರು ಮಾತ್ರ. ನಾನು ಐದು. ಹನುಮ ಆರು. ಪವಿತ್ರಕ್ಕ ಒಂಬತ್ತು. ಭುವನ್ ಹದಿನಾಲ್ಕು. ಮೇಡಂ ಫೋನಿನಲ್ಲಿ ಮಾತಾಡುತ್ತ ಹೊರಗೆ ಹೋದರು.

ಮೂರನೇ ಪ್ರಶ್ನೆಗೆ ಆರು ಜನ ಭುವನ್ ಹೆಸರು ಬರೆದಿದ್ದಾರೆ. ಬಂದು ಒಂದು ವಾರವಾಗಿಲ್ಲ, ಆರು ಜನ.

ಹನುಮನ ಚೀಟಿಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಊಟಕ್ಕೆ ದಯಾನಂದ್, ಅಂದರೆ ನಾನು. ಅದು ನಮ್ಮಮ್ಮನ ಹುರುಳಿ ಚಟ್ನಿಗಾಗಿ, ನನಗಾಗಿ ಅಲ್ಲ. ಕೇಳುವುದಕ್ಕೆ ಪವಿತ್ರಾ. ಕೆಳಗೆ ನಿಲ್ಲುವುದಕ್ಕೆ ಭುವನ್. ಯಾಕೆ ಅನ್ನುವ ಕಡೆ ಏನೂ ಬರೆದಿಲ್ಲ. ಅವನ ಅಕ್ಷರ ನನಗೆ ಗೊತ್ತು, ನನ್ನ ಕಾಪಿ ಪುಸ್ತಕ ನೋಡಿಯೇ ತಿದ್ದಿಕೊಂಡ ಅಕ್ಷರ. ಆ ಅಕ್ಷರದಲ್ಲಿ ಭುವನ್ ಅಂತ.

ಇದಕ್ಕಿಂತ ಕೆಟ್ಟದ್ದು ಭುವನ್ ಚೀಟಿ. ಅವನು ಕೆಳಗೆ ನಿಲ್ಲುವುದಕ್ಕೆ ನನ್ನ ಹೆಸರು ಬರೆದಿದ್ದಾನೆ. ಯಾಕೆ ಅನ್ನುವುದಕ್ಕೆ, "ನಾನು ಹತ್ತಿದಾಗಿನಿಂದ ಇಳಿಯುವವರೆಗೂ ಈತ ನನ್ನ ಮೇಲಿಂದ ಕಣ್ಣು ತೆಗೆಯುವುದಿಲ್ಲ" ಅಂತ ಬರೆದಿದ್ದಾನೆ. ಎರಡು ಸಲ ಓದಿದೆ. ಮೈ ಉರಿಯಿತು. ನಾನು ಏನು ಹುಡುಕುತ್ತ ನಿಂತಿರುತ್ತೇನೆ ಅನ್ನುವುದೇ ಗೊತ್ತಿಲ್ಲದ ಪೆದ್ದ. ಇಂಥವನಿಗೆ ಆರು ಬಾಣ. ನನಗೆ ಬಂದದ್ದು ಒಂದು, ಅದೂ ಇವನದು.

ಮೂರನೇ ಪ್ರಶ್ನೆಯ ಪಟ್ಟಿಯಲ್ಲಿ 6, 14 ಅಂತ ಹೊಡೆಯಬೇಕಾದ ಕಡೆ 6, 5 ಅಂತ ಹೊಡೆದೆ. 14, 5 ಇರಬೇಕಾದ ಕಡೆ 14, 9. ಎರಡು ಸಾಲು, ಅಷ್ಟೆ. ಒಂದು ಬಟನ್ ಒತ್ತಿದೆ. ಸೊನ್ನೆಗಳು ನೊಣದ ಹಾಗೆ ಆ ಕಡೆ ಈ ಕಡೆ ಹರಿದಾಡಿ ಒಂದೊಂದಾಗಿ ನಿಂತವು. ಬಾಣ ಹೆಚ್ಚಾದಷ್ಟೂ ಸೊನ್ನೆ ದಪ್ಪ. ಭುವನ್ ತೆಂಗಿನಕಾಯಿ, ನಾನು ಆಗತಾನೆ ಕಚ್ಚಿದ ಈಚು. ಆದರೆ ಐದರಿಂದ ಆರಕ್ಕೆ ಒಂದು ಬಾಣ ಹೋಗಿ, ಆರರಿಂದ ಐದಕ್ಕೆ ಒಂದು ಬಾಣ ಬಂದಿತ್ತು. ಮೇಡಂ ಒಳಗೆ ಬರುವವರೆಗೂ ಅದನ್ನೇ ನೋಡುತ್ತ ಕೂತಿದ್ದೆ.

ಜನವರಿ 12, ಸೋಮವಾರ

ಗೋಡೆ ಮೇಲೆ ಚಿತ್ರ ಬಿಟ್ಟರು. ಅವರವರ ನಂಬರು ಅವರವರಿಗೆ ಮಾತ್ರ ಗೊತ್ತು ಅಂತ ಇದ್ದರೂ ಎರಡು ನಿಮಿಷದಲ್ಲಿ ಎಲ್ಲರೂ ಎಲ್ಲರದನ್ನೂ ಹೇಳಿಕೊಂಡು, "ಲೇ ಆ ದಪ್ಪಂದ್ ಯಾರ್ಲಾ" ಅಂತ ಭುವನ್ ಬೆನ್ನಿಗೆ ಗುದ್ದಿದರು. ಪವಿತ್ರಕ್ಕ, "ಏನಪ್ಪಾ ಹದಿನಾಲ್ಕು, ನನ್ ಕಡೆ ಬಾಣ ಬುಟ್ಟಿದೀಯ, ನಮ್ಮನೆಯೋರ್ಗೆ ಹೇಳ್ಲಾ?" ಅಂದರು. ಭುವನ್ ತಲೆ ಕೆರೆದುಕೊಂಡ.

ಎರಡೂ ಕಡೆ ಬಾಣ ಇರುವವರನ್ನು ಮೊದಲು ಜೋಡಿ ಮಾಡಿದರು. ಐದು ಮತ್ತು ಆರು ಅಂತ ಮೇಡಂ ಓದಿದಾಗ ನಾನು ಹನುಮನ ಕಡೆ ನೋಡಿದೆ. ಅವನು ಗೋಡೆ ನೋಡುತ್ತಿದ್ದ. ಮುಖ ಬಿಳಿಚಿಕೊಂಡಿತ್ತು. ಖುಷಿ ಆದಾಗ ಹನುಮನ ಮುಖ ಹಾಗಿರುವುದಿಲ್ಲ. ಭುವನ್ ಬಿಟ್ಟುಹೋದನಲ್ಲ ಅಂತ ಬೇಜಾರಾಗಿರಬೇಕು.

ಆಗಲಿ. ಎರಡು ದಿನ ಬೇಜಾರಿರುತ್ತದೆ, ಆಮೇಲೆ ಸರಿಹೋಗುತ್ತದೆ.

ಜನವರಿ 13, ಮಂಗಳವಾರ

ಹನುಮ ಮೂರು ಹೆಜ್ಜೆ ಹತ್ತಿ ನಿಂತ. ಕಾಲು ನಡುಗಿ ಚೌಕಟ್ಟು ಮರಕ್ಕೆ ಟಕಟಕ ಬಡಿಯುತ್ತಿತ್ತು. ಕೆಳಗೆ ನಾನು. ಇಳಿದು, "ಹೊಟ್ಟೆ ನೋಯ್ತದೆ" ಅಂದ. ಕಳೆದ ವಾರ ಇದೇ ಮರದಲ್ಲಿ ಮೂವತ್ತು ಅಡಿ ಹೋಗಿದ್ದವನು.

"ಏನಾಯ್ತ್ಲಾ?" ಅಂದೆ.

"ಏನಿಲ್ಲ ಬುಡು."

ನನ್ನ ಮುಖ ನೋಡಿ ಹೇಳಲಿಲ್ಲ. ನಾನು ಕೆಳಗಿದ್ದರೆ ಹತ್ತಲು ಆಗುವುದಿಲ್ಲ, ಭುವನ್ ಇದ್ದರೆ ಆಗುತ್ತದೆ. ಅದಕ್ಕೆ ಹೊಟ್ಟೆನೋವಿನ ನಾಟಕ ಬೇರೆ.

ಜನವರಿ 15, ಗುರುವಾರ. ಸಂಕ್ರಾಂತಿ

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಲ್ಲದ್ದರಿಂದ ಎಳ್ಳು ಬೀರುವ ಕೆಲಸ ಚಿಕ್ಕಂದಿನಿಂದ ನನ್ನದೇ. ಅಮ್ಮ ಡಬ್ಬಿ ತುಂಬಿ ಕೊಟ್ಟಳು. ಮೊದಲು ಹನುಮನ ಮನೆಗೇ ಹೋದೆ. ಹನುಮ ಇರಲಿಲ್ಲ. ಭುವನ್‌ಗೆ ಬೋರನಕಣಿವೆ ಡ್ಯಾಮು ತೋರಿಸಲು ಕರೆದುಕೊಂಡು ಹೋಗಿದ್ದನಂತೆ. ನಾವಿಬ್ಬರು ಅಲ್ಲಿಗೆ ಹೋಗೋಣ ಅಂತ ಮೂರು ವರ್ಷದಿಂದ ಅಂದುಕೊಳ್ಳುತ್ತಿದ್ದೇವೆ. ಡಬ್ಬಿ ಕೊಟ್ಟು ಹೊರಡುತ್ತಿದ್ದೆ, ರಂಗಕ್ಕ ಕೂರಿಸಿದರು. ದೊಡ್ಡರಂಗಯ್ಯ ಜಗಲಿಯ ಮೇಲೆ ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ರಂಗಕ್ಕ ದನಿ ತಗ್ಗಿಸಿದರು.

"ನಮ್ಮುಡ್ಗ ಮೂರ್ ದಿನದಿಂದ ಸರಿಯಾಗಿ ಉಣ್ತಿಲ್ಲ ಕಣಪ್ಪ. ಆ ಪಟ್ಣದ ಹೆಂಗ್ಸು ಅದೇನೋ ಕಂಪ್ಯೂಟ್ರು ತಂದವ್ಳಂತಲ್ಲ. ಮನಸ್ಸಲ್ಲಿರೋದನ್ನ ಓದ್ಬುಡ್ತದಂತೆ, ನಿಜವಾ?"

"ಇಲ್ಲ ರಂಗಕ್ಕ. ನಾವ್ ಬರೆದದ್ದನ್ನ ತೋರಿಸ್ತದೆ, ಅಷ್ಟೆ."

"ಅವ್ನು ಬರ್ದೇ ಇಲ್ವಂತೆ. ಹೆಂಗ್ ಬರೀತಾನೆ? ನಮ್ಮನೇಲಿ ಕೆಳಗ್ ನಿಲ್ಲೋನ ಹೆಸ್ರು ಹೇಳಾಂಗಿಲ್ಲ."

ಆಮೇಲೆ ಹೇಳಿದರು. ದೊಡ್ಡರಂಗಯ್ಯ ಬಿದ್ದ ದಿನ ನಮ್ಮ ತೋಟದಲ್ಲಿ ಕೆಳಗೆ ನಿಂತಿದ್ದದ್ದು ನಮ್ಮಪ್ಪ. ಇಷ್ಟು ನನಗೂ ಗೊತ್ತಿತ್ತು. ಮೇಲಿಂದ ದೊಡ್ಡರಂಗಯ್ಯ, ಹಗ್ಗ ಸಡಿಲ ಬಿಡಿ ಅನ್ನುವುದಕ್ಕೋ ಏನೋ, "ಸದಾಶಿವಣ್ಣಾ" ಅಂತ ಕೂಗಿದರಂತೆ. ಕೂಗಿ ಕೆಳಗೆ ನೋಡಿದರಂತೆ. ನೋಡುತ್ತಿದ್ದ ಹಾಗೇ ಕೈ ಜಾರಿತು.

"ಅವತ್ತಿಂದ ಅವ್ರು ಮಗುಂಗೆ ಒಂದೇ ಮಾತು ಹೇಳ್ಕೊಟ್ಟವ್ರೆ. ಮರ ಹತ್ತಾಗ ಕೆಳಗ್ ಯಾರವ್ರೋ ಅವರ ಹೆಸ್ರು ಬಾಯಲ್ಲಿ ಬರಬಾರ್ದು, ಬರ್ಯೋದೂ ಬ್ಯಾಡ. ಅದಕ್ಕೇ ಆ ಚೀಟೀಲಿ ಇನ್ಯಾರ್ದೋ ಹೆಸ್ರು ಗೀಚಿ ಕೊಟ್ನಂತೆ. ನೋಡಿದ್ರೆ ಮನಸ್ಸಲ್ಲಿ ಯಾರನ್ನ ಮಡೀಕಂಡಿದ್ನೋ ಅವನನ್ನೇ ಗ್ವಾಡೆ ಮ್ಯಾಲೆ ತೋರಿಸ್ತಂತೆ ಆ ಮಿಷಿನ್ನು. ಹದಿನಾರ್ ಜನದ ಮುಂದೆ. 'ಇನ್ ಹತ್ತಿದ್ರೆ ಬೀಳ್ತೀನಿ ಕಣವ್ವ' ಅಂತ ಕುಂತವ್ನೆ."

"ಯಾರ ಹೆಸರಂತೆ?" ಅಂದೆ.

"ಹೇಳಬಾರ್ದು ಅಂತ ಈಗ್ತಾನೆ ಅಂದ್ನಲ್ಲಪ್ಪ" ಅಂದು ನಕ್ಕು, ನನ್ನ ಅಂಗೈಗೆ ಎಳ್ಳು ಹಾಕಿದರು.

ದಾರಿಯುದ್ದಕ್ಕೂ ನಗು ತಡೆಯಲಾಗಲಿಲ್ಲ. ನನ್ನ ಹೆಸರು. ಭುವನ್ ಅಂತ ಬರೆದದ್ದು ಭುವನ್ ಅಲ್ಲ ಅನ್ನುವುದಕ್ಕೆ. ಬೋರನಕಣಿವೆಯಲ್ಲಿ ಅವನು ಎಷ್ಟು ಫೋಟೋ ಬೇಕಾದರೂ ತೆಗೆಸಿಕೊಳ್ಳಲಿ. ಇನ್ನೂ ನಾಲ್ಕು ಮನೆಗೆ ಎಳ್ಳು ಕೊಡುವುದಿತ್ತು. ಎರಡನೇ ಮನೆಯ ಬಾಗಿಲಲ್ಲಿ ನಿಂತಾಗ, ಹನುಮ ಮರ ಹತ್ತದೆ ಕೂತದ್ದು ಯಾಕೆ ಅನ್ನುವುದು ತಲೆಗೆ ಹೋಯಿತು. ಉಳಿದ ಮನೆಗಳಿಗೆ ಡಬ್ಬಿ ಕೊಟ್ಟೆನೋ ಇಲ್ಲವೋ, ಅಮ್ಮ ಕೇಳಿದರೆ ಹೇಳಲು ಗೊತ್ತಿಲ್ಲ.

ಜನವರಿ 16, ಶುಕ್ರವಾರ

ಹನುಮ ಇವತ್ತೂ ಹತ್ತಲಿಲ್ಲ. ನನಗೆ ಕೆಲಸವಿಲ್ಲ. ಭುವನ್ ಹತ್ತುತ್ತಿದ್ದ, ಕೆಳಗೆ ಅವನ ಜೋಡಿ ಪವಿತ್ರಕ್ಕ. ನಾನು ದೂರದಲ್ಲಿ ಬದುವಿನ ಮೇಲೆ ಕೂತಿದ್ದೆ. ಇಪ್ಪತ್ತೈದು ಅಡಿ ದಾಟಿದ್ದ. ಎಡಗಡೆ ವೈರಿನ ಕೊಕ್ಕೆ ಪೂರ್ತಿ ಬಿದ್ದಿರಲಿಲ್ಲ, ಬಿಸಿಲಿಗೆ ಒಂದು ಕಡೆ ಮಾತ್ರ ಹೊಳೆಯುತ್ತಿತ್ತು. ಪವಿತ್ರಕ್ಕ ನಿಂತ ಕಡೆಗೆ ಅದು ಮರೆ. ಅವನು ಆ ಕಾಲಿಗೆ ಭಾರ ಬಿಡುವುದರಲ್ಲಿದ್ದ.

"ಲೇ ತುರುವೇಕೆರೆ, ಬಲಗಾಲ್ ಮ್ಯಾಲೇ ನಿಂತ್ಕಳ್ಲಾ. ಅಳ್ಳಾಡಬ್ಯಾಡ. ಎಡಗಡೆ ಕೊಕ್ಕೆ ನೋಡು" ಅಂತ ಕೂಗಿಕೊಂಡು ಓಡಿದೆ.

ಅವನು ನಿಂತ. ನೋಡಿ ಸಿಕ್ಕಿಸಿದ. ಇಳಿದು ಬಂದಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಹದಿನಾರು ಜನರ ಮುಂದೆ ಅವನ ತಪ್ಪು ಹಿಡಿದೆ. ಆದರೂ ಎಲ್ಲರೂ ಅವನಿಗೇ ನೀರು ಕೊಟ್ಟು ಬೆನ್ನು ಸವರಿದರು. ಕಾಡಸಿದ್ದಪ್ಪ ನನ್ನ ಹತ್ತಿರ ಬಂದು, "ಕೆಳಗ್ ನಿಲ್ಲೋಕೇ ಹುಟ್ಟಿರೋನು ಕಣ್ಲಾ ನೀನು" ಅಂದರು. ಮೇಲೆ ಹತ್ತಲು ಲಾಯಕ್ಕಿಲ್ಲ ಅನ್ನುವುದನ್ನು ಹೀಗೂ ಹೇಳುತ್ತಾರೆ.

ಜನವರಿ 19, ಸೋಮವಾರ

ಶುಕ್ರವಾರ ಪರೀಕ್ಷೆ. ನಲವತ್ತು ಅಡಿ ಹತ್ತಿ ಒಂದು ಗೊನೆ ಇಳಿಸಬೇಕು. ಆಗದವರಿಗೆ ಮಷೀನಿಲ್ಲ. ಹನುಮ ಮೇಡಂ ಹತ್ತಿರ ಹೋಗಿ, ನಾನು ಬಿಡುತ್ತೇನೆ, ಕೂಲಿಗೇ ಹೋಗುತ್ತೇನೆ ಅಂದ. ಭುವನ್ ಅವನ ಹೆಗಲ ಮೇಲೆ ಕೈ ಹಾಕಿ ಹೊರಗೆ ಕರೆದುಕೊಂಡು ಹೋಗಿ ಏನೇನೋ ಹೇಳಿದ. ಕೈ ತೆಗೆಯಲೇ ಇಲ್ಲ, ನಾನು ನೋಡುತ್ತಲೇ ಇದ್ದೆ.

ಒಂದು ಮಾತು ಹೇಳಿದರೆ ಹನುಮ ಹತ್ತುತ್ತಾನೆ. ಕಂಪ್ಯೂಟರಿಗೆ ಏನೂ ಗೊತ್ತಾಗಿಲ್ಲ ಕಣೋ, ಮಾಡಿದವನು ನಾನು ಅಂತ. ಹೇಳಿದರೆ ಅವನ ಚೀಟಿ ಪ್ರಕಾರ ಜೋಡಿ ಭುವನ್ ಜೊತೆ ಆಗುತ್ತದೆ. ಹೇಳದಿದ್ದರೆ ಜೋಡಿ ನನ್ನ ಜೊತೆ, ಆದರೆ ಜೋಡಿಯೇ ಇರುವುದಿಲ್ಲ.

ಜನವರಿ 20, ಮಂಗಳವಾರ

ಹೇಳಲಿಲ್ಲ.

ಸಂಜೆ ಅಪ್ಪ ಅಟ್ಟದಲ್ಲಿ ಕಾಯಿ ತಿರುವಿ ಹಾಕುತ್ತಿದ್ದರು. ನಾನೂ ಹತ್ತಿ ಹೋಗಿ ಪಕ್ಕದಲ್ಲಿ ಕೂತೆ. ಒಂದು ಸಾಲು ಕಾಯಿ ತಿರುವಿ ಕೇಳಿದೆ. "ಅವತ್ತು ದೊಡ್ಡರಂಗಯ್ಯ ನಿಮ್ ಹೆಸರು ಕೂಗಿದ್ರಾ?"

ಅಪ್ಪನ ಕೈ ನಿಂತಿತು. "ಯಾರ್ ಹೇಳಿದ್ರು?"

"ರಂಗಕ್ಕ."

ಒಂದು ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಗಿಟಕು ಕರಟ ಬಿಟ್ಟಿದೆಯಾ ನೋಡಿ, ಮತ್ತೆ ಅಲ್ಲೇ ಇಟ್ಟರು.

"ಕೂಗ್ದ. ನಾನು 'ಓ' ಅಂದೆ. ಓ ಅಂದಿದ್ದಕ್ಕೇ ಅವನು ಕೆಳಗ್ ನೋಡಿದ್ದು. ಅದನ್ನ ಅವರ ಮನೇಲಿ ಯಾರೂ ನಂಗೆ ಇವತ್ತಿನ್ ತನಕ ಅಂದಿಲ್ಲ." ಆಮೇಲೆ, "ನಿಂಗೆ ಆ ಕೆಲಸ ಬ್ಯಾಡ ಅಂದಿದ್ದು ನೀನ್ ಬೀಳ್ತೀಯಾ ಅಂತಲ್ಲ ಕಣೋ" ಅಂದರು. ಇಬ್ಬರೂ ಆ ಮೂಲೆಯ ಕಾಯಿ ಪೂರ್ತಿ ತಿರುವಿ ಇಳಿದೆವು.

ಜನವರಿ 22, ಗುರುವಾರ

ಹೇಳಿದೆ.

ಮೇಡಂ ರೂಮಿನಲ್ಲಿ ಒಬ್ಬರೇ ಇದ್ದರು. ಎರಡು ಸಾಲು ಬದಲಾಯಿಸಿದ್ದೇನೆ ಅಂದೆ. ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು. ಬೀರುವಿನಿಂದ ಚೀಟಿಗಳ ಕವರು ತೆಗೆದು, "ನೀವೇ ಸರಿಮಾಡಿ" ಅಂದು ಲ್ಯಾಪ್‌ಟಾಪು ನನ್ನ ಕಡೆ ತಿರುಗಿಸಿದರು. 6, 14. 14, 5. ಬಟನ್ ಒತ್ತಿದೆ. ಸೊನ್ನೆಗಳು ಹರಿದಾಡಿ ನಿಂತವು.

ಐದರಿಂದ ಆರಕ್ಕೆ ಬಾಣ. ಆರರಿಂದ ಹದಿನಾಲ್ಕಕ್ಕೆ. ಹದಿನಾಲ್ಕರಿಂದ ಐದಕ್ಕೆ. ಮೂರೂ ಒಂದನ್ನೊಂದು ಅಟ್ಟಿಸಿಕೊಂಡು ಸುತ್ತು ಹಾಕಿದ ಹಾಗಿತ್ತು. ಮೇಡಂ ಅದನ್ನು ನೋಡಿ, ಬಾಗಿಲಿಗೆ ಹೋಗಿ ಹನುಮನನ್ನೂ ಭುವನ್ನನ್ನೂ ಕರೆದರು. "ಇವರಿಗೂ ಹೇಳಿ" ಅಂದರು.

ಹೇಳಿದೆ. ಭುವನ್ ಮೊದಲು ಬಾಯಿಬಿಟ್ಟ. "ಅದೇ ಅನ್ಕಂಡೆ ದಯಣ್ಣ. ನಾನ್ ನಿನ್ ಹೆಸ್ರು ಬರ್ದಿದ್ದೆ, ಪವಿತ್ರಕ್ಕ ಎಲ್ಲಿಂದ ಬಂದ್ಲು ಅಂತ. ಬೇಜಾರ್ ಮಾಡ್ಕಂತಾಳೆ ಅಂತ ಸುಮ್ಕಿದ್ದೆ."

ಹನುಮ ಪರದೆಯನ್ನು ನೋಡುತ್ತಿದ್ದ. "ಹಂಗಾರೆ ಇದುಕ್ಕೇನೂ ಗೊತ್ತಿಲ್ವಾ?"

"ಇಲ್ಲ."

"ನೀನ್ ಒತ್ತಿದ್ದಾ?"

"ನಾನೇ."

"ಯಾಕ್ಲಾ?"

ಭುವನ್ ಪಕ್ಕದಲ್ಲೇ ನಿಂತಿದ್ದ. "ಹೊಟ್ಟೆಕಿಚ್ಚು" ಅಂದೆ.

ಹನುಮ ನನ್ನ ತಲೆಯ ಹಿಂದಕ್ಕೆ ಒಂದು ಬಿಟ್ಟ. ಮೆಲ್ಲಗಲ್ಲ, ಇನ್ನೂ ಉರಿಯುತ್ತಿದೆ. ಹೊಡೆದು ಹೊರಗೆ ಹೋದ. ಭುವನ್ ಅವನ ಹಿಂದೆ ಹೋದ.

"ಇನ್ನು ಜೋಡಿ ನಾನು ಕಟ್ಟಲ್ಲ" ಅಂದರು ಮೇಡಂ. "ಮಷೀನು ಮನೆಗೆ ಒಯ್ದು ಅಭ್ಯಾಸ ಮಾಡೋಕೆ ಎಲ್ಲರಿಗೂ ಹೇಳ್ತೀನಿ. ನಾಳೆ ಬರೋವಾಗ ಅವರವರೇ ಯಾರನ್ನ ಕರ್ಕೊಂಡು ಬರ್ತಾರೋ ಬರಲಿ. ಯಾರಾದರೂ ನಿಮ್ಮನ್ನ ಕರೆದರೆ ಬನ್ನಿ, ದಯಾನಂದ್. ಕರೆಯದಿದ್ದರೆ ಬರಬೇಡಿ."

ಬಸ್ಸಿನಲ್ಲಿ ಅವರಿಬ್ಬರು ಮುಂದೆ, ಮಧ್ಯೆ ಮಷೀನು. ಕವಲುದಾರಿಯಲ್ಲಿ ಅವರು ಆ ಕಡೆ, ನಾನು ಈ ಕಡೆ.

ಸಂಜೆ ಹನುಮನ ಮನೆ ತಿಟ್ಟಿನ ಕಡೆಯಿಂದ ಮಷೀನಿನ ಸದ್ದು ಕೇಳುತ್ತಿತ್ತು. ಒಬ್ಬರು ಹತ್ತುತ್ತಿದ್ದರು. ಸದ್ದು ಒಂದೇ ಸಮ ಇತ್ತು, ಎಲ್ಲೂ ನಿಲ್ಲಲಿಲ್ಲ. ಆತುರವಿಲ್ಲದ ಹೆಜ್ಜೆ, ಭುವನ್ ಅಲ್ಲ. ಸದ್ದಿನ ಲೆಕ್ಕದಲ್ಲಿ ಮೂವತ್ತು ಅಡಿ ದಾಟಿತು, ಮೂವತ್ತೈದು ದಾಟಿತು. ಕೆಳಗೆ ಯಾರಿದ್ದರು ಅಂತ ಇಲ್ಲಿಂದ ಕಾಣುವುದಿಲ್ಲ. ಭುವನ್ನೇ ಇರಬೇಕು. ಅವನಿಗೆ ಎಡಗಡೆ ನೋಡುವ ಅಭ್ಯಾಸವಿಲ್ಲ. ಇಳಿಯುವ ಸದ್ದು ಪೂರ್ತಿ ನಿಲ್ಲುವವರೆಗೆ ಹಿತ್ತಿಲಲ್ಲೇ ನಿಂತಿದ್ದೆ.

ಜನವರಿ 23, ಶುಕ್ರವಾರ. ಬೆಳಿಗ್ಗೆ

ಏಳು ಗಂಟೆ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ. ಯಾರೂ ಕರೆದಿಲ್ಲ. ಸ್ನಾನ ಮಾಡಿ ಪ್ಯಾಂಟು ಹಾಕಿಕೊಂಡು ಕೂತಿದ್ದೇನೆ, ಸುಮ್ಮನೆ. ಅಮ್ಮ ಕೇಳಿದ್ದಕ್ಕೆ ಅಂಗಡಿಗೆ ಹೋಗುವುದಿದೆ ಅಂದೆ.

ಅಂಗಳದಲ್ಲಿ ಕಬ್ಬಿಣದ ಸದ್ದಾಯಿತು. ಕಿಟಕಿಯಿಂದ ನೋಡಿದೆ. ಹನುಮ, ಭುವನ್ ಇಬ್ಬರೂ ಬಂದಿದ್ದಾರೆ. ಮಷೀನಿನ ಒಂದು ತುಂಡು ಭುವನ್ ಹೆಗಲ ಮೇಲಿದೆ. ಇನ್ನೊಂದನ್ನು ಹನುಮ ನಮ್ಮ ಜಗಲಿಯ ಮೇಲೆ ಇಟ್ಟು, ಬೆನ್ನು ತಿರುಗಿಸಿ ರಸ್ತೆ ನೋಡುತ್ತ ನಿಂತಿದ್ದಾನೆ. ಅಪ್ಪ ಹೊರಗೇ ಇದ್ದರು.

"ಯಾರನ್ನ ನೋಡಕ್ ಬಂದ್ರಪ್ಪ?" ಅಂದರು.

ಹನುಮ ಬಾಯಿ ತೆರೆಯಲಿಲ್ಲ. ಭುವನ್ ಏನೋ ಹೇಳುವುದಕ್ಕೆ ಹೋದ, ಹನುಮ ಅವನ ಕಾಲು ತುಳಿದ. ಅಪ್ಪ ಅವನನ್ನು ಒಂದು ಗಳಿಗೆ ನೋಡಿ, ಮತ್ತೆ ಕೇಳಲಿಲ್ಲ. ಒಳಗೆ ಬಂದು ನನ್ನ ರೂಮಿನ ಬಾಗಿಲಲ್ಲಿ ನಿಂತರು. ಅವರೂ ನನ್ನ ಹೆಸರು ಹಿಡಿಯಲಿಲ್ಲ. "ಹೊತ್ತಾಗ್ತದೆ. ಕೆಳಗಿದ್ದಾಗ ಬಾಯಿ ಮುಚ್ಕಂಡು ಕಣ್ಣ್ ಬಿಟ್ಕಂಡಿರು" ಅಂದರು.

ಮೊದಲ ತುಂಡನ್ನು ಭುವನ್‌ಗೇ ಯಾಕೆ ಹೊರಿಸಿದ ಅಂತ ದಾರಿಯಲ್ಲಿ ಹನುಮನನ್ನು ಕೇಳಬೇಕು. ಕೇಳುವುದಿಲ್ಲ. ಭುವನ್ ವೈರನ್ನು ಸುತ್ತದೆ ನೆಲದ ಮೇಲೆ ಎಳೆಯುತ್ತಿದ್ದಾನೆ, ಇಲ್ಲಿಂದಲೇ ಕಾಣುತ್ತಿದೆ, ಕೊಕ್ಕೆಗೆ ಮಣ್ಣು ಸೇರುತ್ತದೆ. ಹೋಗಿ ಒರೆಸಬೇಕು. ಹೊರಟೆ. ಬಾಗಿಲು ಎಳೆದುಕೊಂಡು ಹೋಗುತ್ತೇನೆ.